ಸಿವಿಲ್ ತಗೊಳ್ಳೋದಾ, ಎನ್ವಿರಾನ್ಮೆಂಟಲ್ ಹುಡುಕೋದಾ? ಡಿಗ್ರಿ ಕೈಗೆ ಬರೋಕೆ ಏನೇನು ಮುಗಿಸಬೇಕು?

ಹೊನ್ನಾವರದ ಹುಡುಗಿ ಕೇಳಿದ್ದು:

ಪಿಯುಸಿ ಸೈನ್ಸ್ ಮುಗಿದಿದೆ. ಸಿಇಟಿ ರ‍್ಯಾಂಕ್ ಬಂದಿದೆ, ಹೇಳಿಕೊಳ್ಳುವಂಥದ್ದೇನಲ್ಲ. ಕುಡಿಯೋ ನೀರು, ಚರಂಡಿ, ಕಸ, ಕಡಲ ಕೊರೆತ, ಇಂಥ ಕೆಲಸ ಮಾಡೋ ಆಸೆ. ಎನ್ವಿರಾನ್ಮೆಂಟಲ್ ಇಂಜಿನಿಯರಿಂಗ್ ಅಂತಲೇ ಹುಡುಕಬೇಕಾ, ಸಿವಿಲ್ ಸಾಕಾ? ನಾಲ್ಕು ವರ್ಷಕ್ಕೆ ಸರಿಯಾಗಿ ಡಿಗ್ರಿ ಸಿಗಬೇಕಂದ್ರೆ ಏನೇನು ಬೇಕು? ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದಿದವರು ಯಾರೂ ಇಲ್ಲ. ಅಪ್ಪ "ಕಂಪ್ಯೂಟರ್ ತಗೋ" ಅಂತಿದ್ದಾರೆ. ಓದಿದವರು ದಯವಿಟ್ಟು ಹೇಳಿ.

ಕಾರವಾರ ಸಿವಿಲ್:

ತಂಗಿ, ಸಿವಿಲ್ ತಗೋ. ಯಾಕೆ ಅಂತ ಆಮೇಲೆ ಹೇಳ್ತೇನೆ, ಮೊದಲು ಲೆಕ್ಕ ನೋಡು.

ನಾನು ಓದಿದ್ದು ವಿಟಿಯುದ (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) 2022ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ. ಎಂಟು ಸೆಮಿಸ್ಟರ್, ಒಟ್ಟು 160 ಕ್ರೆಡಿಟ್ (ವಿಷಯ ಪಾಸಾದರೆ ಇಂತಿಷ್ಟು ಅಂತ ಸಿಗೋ ಲೆಕ್ಕ). ನಿನಗೆ ಬೇರೆ ಸ್ಕೀಮ್ ಇರುತ್ತದೆ, ಸೀಟು ಸಿಕ್ಕ ದಿನವೇ ಅದರ ಪಿಡಿಎಫ್ ಇಳಿಸಿಕೊಂಡು ಓದು. ಯಾರೂ ಓದುವುದಿಲ್ಲ, ಸೀನಿಯರ್ ಹೇಳಿದ್ದೇ ವೇದವಾಕ್ಯ ಅಂದುಕೊಂಡು ಕೂತಿರುತ್ತಾರೆ.

ಪಾಸಾಗೋ ಲೆಕ್ಕದಲ್ಲಿ ಒಂದು ಸಣ್ಣ ಕೊಂಡಿ ಇದೆ. ಒಂದು ವಿಷಯಕ್ಕೆ ಕಾಲೇಜಿನ ಒಳಗಿನ ಅಂಕ 50, ಕೊನೆಯ ಪರೀಕ್ಷೆ 100ಕ್ಕೆ ಬರೆದು 50ಕ್ಕೆ ಇಳಿಸುತ್ತಾರೆ. ಒಳಗಿನದರಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ 50ಕ್ಕೆ ಇಳಿಸಿದ ಮೇಲೆ ಕನಿಷ್ಠ 18 ಬೇಕು. ಆದರೆ 20 ಮತ್ತು 18 ಕೂಡಿದರೆ 38. ಒಟ್ಟು 40 ಇಲ್ಲದಿದ್ದರೆ ಫೇಲೇ. ಎರಡೂ ಕಡೆ ಪಾಸಾಗಿ ಒಟ್ಟಿನಲ್ಲಿ ಬಿದ್ದವರನ್ನು ನೋಡಿದ್ದೇನೆ, ರಿಸಲ್ಟ್ ಬಂದ ದಿನ ಅವರಿಗೆ ನಂಬೋಕೇ ಆಗಿರಲಿಲ್ಲ.

ಹಾಜರಿ 85%, ಅದೂ ಪ್ರತಿ ವಿಷಯಕ್ಕೆ ಬೇರೆ ಬೇರೆ. ನಮ್ಮ ಜಿಲ್ಲೆಯವರಿಗೆ ಇದೇ ದೊಡ್ಡ ತಲೆನೋವು. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್, ಬಸ್ಸಿಲ್ಲ, ರೈಲು ತಡ. ಡಿಸಿ ರಜೆ ಕೊಟ್ಟ ದಿನ ತೊಂದರೆ ಇಲ್ಲ, ರಜೆ ಕೊಡದೆ ನೀನೇ ಸಿಕ್ಕಿಹಾಕಿಕೊಂಡ ದಿನ ಲೆಕ್ಕಕ್ಕೆ ಬರುತ್ತದೆ. ದಿನಾ ಓಡಾಡೋ ಯೋಚನೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಹಾಸ್ಟೆಲೋ ಪಿಜಿಯೋ ನೋಡಿಕೋ.

ಇನ್ನು ಕ್ರೆಡಿಟ್ಟೇ ಇಲ್ಲದ, ಆದರೆ ಬಿಡೋಕಾಗದ ಬಾಬತ್ತುಗಳು. ಎನ್‌ಎಸ್‌ಎಸ್, ಯೋಗ ಅಥವಾ ಕ್ರೀಡೆ, ಯಾವುದಾದರೂ ಒಂದು ಮಾಡಲೇಬೇಕು. ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ಹೇಳಿದ ಆಕ್ಟಿವಿಟಿ ಪಾಯಿಂಟ್, ಅಂದರೆ ಊರಿಗೆ ಉಪಯೋಗವಾಗೋ ಕೆಲಸಕ್ಕೆ ಸಿಗೋ ಪಾಯಿಂಟ್, 100 ಆಗಬೇಕು. ಇದು ಸಿಜಿಪಿಎಗೆ (ಒಟ್ಟು ಸರಾಸರಿ ಗ್ರೇಡಿಗೆ) ಸೇರೋದಿಲ್ಲ, ಹಾಗಾಗಿ ಎಲ್ಲರೂ "ಆಮೇಲೆ ಮಾಡಿದರಾಯ್ತು" ಅಂತ ತಳ್ಳುತ್ತಾರೆ. ಆದರೆ ಅದು ಪೂರ್ತಿಯಾಗದೆ ಕೊನೆಯ ಅಂಕಪಟ್ಟಿ ಕೊಡೋದಿಲ್ಲ. ನಮ್ಮ ಬ್ಯಾಚಿನ ಒಬ್ಬನಿಗೆ ಕೆಲಸ ಸಿಕ್ಕಿತ್ತು. ಪೈಲು ಹುಡುಕಿದರೆ ಮೊದಲ ವರ್ಷ ಬೀಚ್ ಸ್ವಚ್ಛ ಮಾಡಿದ್ದಕ್ಕೆ ಸಹಿ ಇಲ್ಲ, ಸಹಿ ಹಾಕಬೇಕಾದ ಮೇಷ್ಟ್ರು ವರ್ಗವಾಗಿ ಹೋಗಿದ್ದಾರೆ. ಫೋಟೊ ಇತ್ತು, ತಾರೀಕು ಇರಲಿಲ್ಲ. ಆ ಒಂದು ಸಹಿಗಾಗಿ ಪಾಪ, ಎಷ್ಟು ಅಲೆದನೋ. ಮಾಡಿದ ದಿನವೇ ವರದಿ ಬರೆದು ಸಹಿ ಹಾಕಿಸಿ ಒಂದು ಪೈಲಿನಲ್ಲಿಡು.

ಕೊನೆಯ ವರ್ಷ ಇಂಟರ್ನ್‌ಶಿಪ್ ಇದೆ, ನಮ್ಮ ಸ್ಕೀಮಿನಲ್ಲಿ ಅದೇ 10 ಕ್ರೆಡಿಟ್. ಒಂದಿಡೀ ಸೆಮಿಸ್ಟರ್ ಹೋಗುತ್ತದೆ. ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಆ ಕಡೆ ತಲೆ ಹಾಕಬೇಡ. ಸೈಟಿನಲ್ಲಿ ನಿಂತು ಸ್ಲಂಪ್ ಟೆಸ್ಟ್ (ಹಸಿ ಕಾಂಕ್ರೀಟಿನ ಹದ ನೋಡೋದು) ನೋಡದೆ ಇದ್ದವರು ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಶಿರಸಿ ಅಕ್ಕ:

ಮೇಲಿನವರು ಸಿವಿಲ್ ಯಾಕೆ ಅಂತ ಹೇಳೋದನ್ನೇ ಮರೆತರು ನೋಡು! ನಾನು ಹೇಳ್ತೇನೆ. ಸಿವಿಲ್ ಮುಗಿಸಿ ಎಂಟೆಕ್‌ನಲ್ಲಿ ಎನ್ವಿರಾನ್ಮೆಂಟಲ್ ಓದಿದವಳು ನಾನು. ಈಗ ಕೆಲಸವೂ ಕುಡಿಯುವ ನೀರಿನ ಯೋಜನೆಯಲ್ಲೇ.

ನಮ್ಮಲ್ಲಿ ಎನ್ವಿರಾನ್ಮೆಂಟಲ್ ಅನ್ನೋದು ಬಹಳ ಕಡೆ ಸಿವಿಲ್ ಹೊಟ್ಟೆಯೊಳಗೇ ಇದೆ. ಮೈಸೂರಿನ ಎಸ್‌ಜೆಸಿಇ ಕಾಲೇಜಿನಂಥ ಬೆರಳೆಣಿಕೆ ಕಡೆ ಅದೇ ಹೆಸರಿನ ಬಿಇ ಇಟ್ಟಿದ್ದಾರೆ. ಬೇಕಿದ್ದರೆ ಈ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲೇಜಿನಲ್ಲಿ ಯಾವುದಕ್ಕೆ ಎಷ್ಟು ಸೀಟು ಅನ್ನೋ ಪಟ್ಟಿ) ನೋಡು. ಆದರೆ ಸಿವಿಲ್‌ನಲ್ಲೇ ನೀರು ಸರಬರಾಜು, ಕೊಳಚೆ ನೀರಿನ ಶುದ್ಧೀಕರಣ, ಫ್ಲೂಯಿಡ್ ಮೆಕ್ಯಾನಿಕ್ಸ್ (ನೀರಿನಂಥ ದ್ರವಗಳ ಹರಿವು), ಹೈಡ್ರಾಲಜಿ (ಮಳೆ, ನದಿ, ಅಂತರ್ಜಲದ ಲೆಕ್ಕ) ಎಲ್ಲಾ ಬರುತ್ತದೆ. ಘನತ್ಯಾಜ್ಯ, ವಾಯುಮಾಲಿನ್ಯ ಇಲೆಕ್ಟಿವ್‌ನಲ್ಲಿ (ನಾವೇ ಆರಿಸಿಕೊಳ್ಳೋ ವಿಷಯ) ಸಿಗಬಹುದು, ನಿನ್ನ ಕಾಲೇಜಿನಲ್ಲಿ ಯಾವ್ಯಾವುದು ನಡೆಸುತ್ತಾರೆ ಅಂತ ಮೊದಲೇ ಕೇಳು. ಪಟ್ಟಿಯಲ್ಲಿ ಹತ್ತು ಇರುತ್ತದೆ, ಪಾಠ ಮಾಡೋದು ಎರಡು.

ಸರ್ಕಾರಿ ಕೆಲಸದ ಆಸೆ ಇದ್ದರೆ ಇನ್ನೊಂದು ಮಾತು. ಪಿಡಬ್ಲ್ಯುಡಿ, ನೀರಾವರಿ, ಪಂಚಾಯತ್ ರಾಜ್ ಕಡೆ ಅರ್ಜಿ ಕರೆದಾಗ ಕೇಳೋದು ಸಿವಿಲ್ ಡಿಗ್ರಿ. ಡಿಗ್ರಿ ಹೆಸರು ಬೇರೆಯಾದರೆ ಪ್ರತಿ ಅಧಿಸೂಚನೆಯಲ್ಲೂ "ನಾನು ಅರ್ಹಳಾ?" ಅಂತ ಹುಡುಕುತ್ತಾ ಕೂರಬೇಕು. ಎಂಟೆಕ್ ಸೇರೋಕೆ ಬರೆಯೋ ಗೇಟ್ ಪರೀಕ್ಷೆಯಲ್ಲಿ ಮಾತ್ರ 2021ರಿಂದ ಎನ್ವಿರಾನ್ಮೆಂಟಲ್‌ಗೆ ಬೇರೆ ಪೇಪರ್ ಇದೆ, ಸಿವಿಲ್ ಓದಿದವರೂ ಅದನ್ನು ಬರೆಯಬಹುದು.

ನಿನಗೆ ಈ ವಿಷಯ ಹಿಡಿಸುತ್ತದೋ ಇಲ್ಲವೋ ಅಂತ ತಿಳಿಯಬೇಕಾ? ಲ್ಯಾಬಿನಲ್ಲಿ ಕ್ಲೋರೈಡ್ (ಉಪ್ಪಿನಂಶದ) ಟೆಸ್ಟ್ ಮಾಡುವಾಗ ನಿಮ್ಮೂರಿನ ಬಾವಿ ನೀರನ್ನೇ ತಗೊಂಡು ಹೋಗು, ಮೇ ತಿಂಗಳದ್ದಾದರೆ ಇನ್ನೂ ಒಳ್ಳೆಯದು. ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೆ ನೀರು ಹಳದಿ. ಬ್ಯುರೆಟ್‌ನಿಂದ (ಅಳತೆ ಗೆರೆ ಇರೋ ಗಾಜಿನ ಕೊಳವೆ) ಸಿಲ್ವರ್ ನೈಟ್ರೇಟ್ ಹನಿ ಹನಿಯಾಗಿ ಬಿಡ್ತಾ ಅಲ್ಲಾಡಿಸ್ತಾ ಹೋಗಬೇಕು. ಬಿದ್ದ ಕಡೆ ಕೆಂಪಾಗಿ ಮತ್ತೆ ಮಾಯ, ಮತ್ತೆ ಕೆಂಪು, ಮತ್ತೆ ಮಾಯ. ಇಟ್ಟಿಗೆ ಬಣ್ಣ ಉಳಿದುಕೊಂಡ ಹನಿಗೆ ನಿಲ್ಲಿಸಬೇಕು. ಘಟ್ಟದ ಮೇಲಿನ ನಮ್ಮ ನೀರಿಗೆ ಬೇಗ ನಿಂತುಬಿಡುತ್ತದೆ. ಉಪ್ಪು ನುಗ್ಗಿದ ಬಾವಿಯ ನೀರಿಗೆ ಬ್ಯುರೆಟ್ ಇಳೀತಾನೇ ಇರುತ್ತದೆ. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೆ. ಅಜ್ಜಿ "ನೀರು ಉಪ್ಪಾಗಿದೆ" ಅಂತ ಮುಖ ಕಿವುಚುತ್ತಿದ್ದದ್ದು ಅಲ್ಲಿ ಅಂಕಿಯಾಗಿ ಬರುತ್ತದೆ. ಅದನ್ನು ನೋಡಿ ಖುಷಿಯಾದರೆ ನೀನು ಈ ಕಡೆಯವಳೇ.

ಡಿಪ್ಲೊಮಾ ಮಾಡಿದವ, ಕುಮಟಾ:

ಇವರಿಗೆ ಬೇಡದಿರಬಹುದು, ಇದನ್ನು ಓದುವ ಡಿಪ್ಲೊಮಾದವರಿಗೆ ಬೇಕಾಗುತ್ತದೆ. ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಂದರೆ ನೇರ ಮೂರನೇ ಸೆಮಿಸ್ಟರ್. ಆಕ್ಟಿವಿಟಿ ಪಾಯಿಂಟ್ 75 ಸಾಕು. ಸರ್ವೇಯಲ್ಲಿ ನಮ್ಮನ್ನು ಮೀರಿಸೋರಿಲ್ಲ, ಗಣಿತದಲ್ಲಿ ಮಾತ್ರ ಬೆವರು ಇಳಿಯುತ್ತದೆ. ರಜೆಯಲ್ಲೇ ಕ್ಯಾಲ್ಕುಲಸ್ ಹಿಡಿದುಕೊಳ್ಳಿ.

ಸರ್ವೇ ಕ್ಯಾಂಪ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ಟೋಟಲ್ ಸ್ಟೇಷನ್ ಅನ್ನೋ ಅಳತೆ ಯಂತ್ರ ಹೊತ್ತು ಗುಡ್ಡ ಹತ್ತಬೇಕು, ಚಿರೆಕಲ್ಲಿನ ನೆಲದಲ್ಲಿ ಟ್ರೈಪಾಡಿನ ಕಾಲು ಊರುವುದೇ ಇಲ್ಲ, ಒಬ್ಬ ಬಬಲ್ ಸರಿ ಮಾಡ್ತಾ ಇದ್ದರೆ ಇನ್ನೊಬ್ಬ ಕೊಡೆ ಹಿಡಿದು ಯಂತ್ರಕ್ಕೆ ಮಳೆ ಬೀಳದ ಹಾಗೆ ನಿಂತಿರಬೇಕು, ಅಷ್ಟರಲ್ಲಿ ಪ್ರಿಸಂ ಹಿಡಿದವ ಗೇರು ಮರದ ಹಿಂದೆ ಕಾಣೆ. ಹುಡುಗಿಯರಿಗೆ ಬರೀ ಪುಸ್ತಕ ಕೊಟ್ಟು ರೀಡಿಂಗ್ ಬರೆಸುತ್ತಾರೆ. ನೀನು ಹಟ ಹಿಡಿದು ಯಂತ್ರದ ಹತ್ತಿರ ನಿಂತುಕೋ.

ಕಾರವಾರ ಸಿವಿಲ್:

ಅಪ್ಪನಿಗೆ ಏನು ಹೇಳಬೇಕು ಅಂತ ಹೇಳ್ತೇನೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮುಂದಿನ ತಿಂಗಳು 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅದಾದ ಮೇಲೆ ಜಿಯಾಲಜಿ, ಮಣ್ಣಿನ ಕ್ಲಾಸಿನಲ್ಲಿ ನಿದ್ದೆ ಮಾಡುವವರು ಕಮ್ಮಿಯಾದರು. ಕಡಲಿಗೆ ನೇರ ತೆರೆದುಕೊಂಡ ಆರ್‌ಸಿಸಿಗೆ (ಕಬ್ಬಿಣ ಹಾಕಿದ ಕಾಂಕ್ರೀಟ್) ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್ ಅಂತ ಕಾಂಕ್ರೀಟಿನ ಮಾನದಂಡ ಐಎಸ್ 456 ಹೇಳುತ್ತದೆ. ನಮ್ಮ ಕಡೆ ಎಷ್ಟು ಮನೆಗಳಿಗೆ ಅದನ್ನು ಹಾಕುತ್ತಾರೆ ಕೇಳಿ ನೋಡು. ಈ ಜಿಲ್ಲೆಯಲ್ಲಿ ಸಿವಿಲ್‌ನವರಿಗೆ ಕೆಲಸ ಇಲ್ಲ ಅನ್ನೋದು ಸುಳ್ಳು. ಶುರುವಿನ ಸಂಬಳ ಕಂಪ್ಯೂಟರಿನವರಿಗಿಂತ ಕಮ್ಮಿ ಅನ್ನೋದು ಮಾತ್ರ ನಿಜ, ಅದನ್ನು ಅಪ್ಪನಿಂದ ಮುಚ್ಚಿಡಬೇಡ.

ಹೊನ್ನಾವರದ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಸಿವಿಲ್ ಅಂತ ಗಟ್ಟಿ ಮಾಡಿಕೊಂಡೆ. ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳನ್ನು ಸಾಲಾಗಿ ಹಾಕೋದು) ಕಾರವಾರದ ಹತ್ತಿರ ಮಾಜಾಳಿಯ ಸರ್ಕಾರಿ ಕಾಲೇಜು ಮೊದಲು ಹಾಕಲಾ, ಸಿಗೋದು ಕಷ್ಟ ಇರೋ ದೂರದ ಕಾಲೇಜು ಮೊದಲು ಹಾಕಲಾ?

ಶಿರಸಿ ಅಕ್ಕ:

ನಿನಗೆ ಯಾವುದು ಜಾಸ್ತಿ ಬೇಕೋ ಅದು ಮೊದಲು. ಸಿಗೋದಿಲ್ಲ ಅಂತ ಕೆಳಗೆ ತಳ್ಳಬೇಡ. ಮೇಲಿನದು ಸಿಗದಿದ್ದರೆ ಸೀಟು ಹಂಚೋ ಕೆಇಎ (ಪರೀಕ್ಷಾ ಪ್ರಾಧಿಕಾರ) ತಾನಾಗೇ ಕೆಳಗಿನದಕ್ಕೆ ಇಳಿಯುತ್ತದೆ, ನಿನಗೇನೂ ನಷ್ಟ ಇಲ್ಲ. ಸಿಕ್ಕಿದ್ದು ಒಪ್ಪಿಗೆ ಇದ್ದು ಇನ್ನೂ ಮೇಲಿನದಕ್ಕೆ ಕಾಯೋದಾದರೆ ಚಾಯ್ಸ್ 2. ಆಮೇಲೆ ಮೇಲಿನದು ಸಿಕ್ಕರೆ ಹಳೆಯ ಸೀಟು ಹೋಗುತ್ತದೆ, ಅದು ಗೊತ್ತಿರಲಿ. ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ್ದೀಯಾ? ಗ್ರಾಮೀಣ 15%, ಕನ್ನಡ ಮಾಧ್ಯಮ 5% ಮೀಸಲಾತಿ ಇದೆ. ಸಿಇಟಿ ಅರ್ಜಿಯಲ್ಲಿ ಅವೆರಡನ್ನೂ ಕೇಳಿದ್ದೀಯಾ ಅಂತ ಇವತ್ತೇ ತೆಗೆದು ನೋಡು.