ಇಕಾಲಜಿಕಲ್ ಫುಟ್‌ಪ್ರಿಂಟ್ ಲೆಕ್ಕ ಮಲೆನಾಡಿನ ಮನೆಗೆ ಹೊಂದುತ್ತಾ?

ಸಾಗರ_ಸೀಮೆ:
ನಮಸ್ಕಾರ ಎಲ್ರಿಗೂ. ಮಗಳ ಹೈಸ್ಕೂಲ್ ಪ್ರಾಜೆಕ್ಟಿಗೆ ಅಂತ ಆನ್‌ಲೈನ್ ಕ್ಯಾಲ್ಕುಲೇಟರಲ್ಲಿ ನಮ್ಮನೆ ಫುಟ್‌ಪ್ರಿಂಟ್, ಅಂದ್ರೆ ನಮ್ಮ ಬಳಕೆಗೆಲ್ಲ ಭೂಮಿ ಮೇಲೆ ಎಷ್ಟು ಜಾಗ ಬೇಕು ಅನ್ನೋ ಲೆಕ್ಕ, ತೆಗೀತಾ ಇದೀವಿ. ಮಾಂಸ ಎಷ್ಟು ತಿಂತೀರಿ, ಕಾರು ಎಷ್ಟು ಓಡಿಸ್ತೀರಿ, ವಿಮಾನ ಹತ್ತುತೀರಾ ಅಂತೆಲ್ಲ ಕೇಳುತ್ತೆ, ಸರಿ, ಆದ್ರೆ ಬಚ್ಚಲ ಒಲೆ ಸೌದೆ, ಅಡಿಕೆ ಬೇಯಿಸೋ ಸೌದೆ, ತೋಟಕ್ಕೆ ಹೊರೋ ಸೊಪ್ಪು ಇದನ್ನೆಲ್ಲ ಎಲ್ಲಿ ಹಾಕೋದು? ಈ ಲೆಕ್ಕ ಮಾಡೋದಾದ್ರೂ ಹೆಂಗೆ?

ಮೇಷ್ಟ್ರು_ತೀರ್ಥಹಳ್ಳಿ:
ಇದನ್ನ 1990ರ ದಶಕದಲ್ಲಿ ಕೆನಡಾದಲ್ಲಿ ವಿಲಿಯಂ ರೀಸ್ ಮತ್ತೆ ಅವರ ಶಿಷ್ಯ ಮ್ಯಾಥಿಸ್ ವ್ಯಾಕರ್ನಾಗೆಲ್ ರೂಪಿಸಿದ್ದು. ನಾವು ಬಳಸಿದ್ದನ್ನ ಬೆಳೆಯೋಕೆ ಎಷ್ಟು ಗದ್ದೆ, ಹುಲ್ಲುಗಾವಲು, ಕಾಡು, ಮೀನಿನ ನೀರು ಬೇಕು, ಮನೆ ರಸ್ತೆಗೆ ಎಷ್ಟು ಜಾಗ, ನಾವು ಬಿಟ್ಟ ಕಾರ್ಬನ್ ಹೀರೋಕೆ ಎಷ್ಟು ಕಾಡು ಬೇಕು ಅಂತ ಎಲ್ಲಾನೂ ಗ್ಲೋಬಲ್ ಹೆಕ್ಟೇರ್‌ಗೆ, ಅಂದ್ರೆ ಪ್ರಪಂಚದ ಸರಾಸರಿ ಇಳುವರಿ ಇರೋ ಒಂದು ಹೆಕ್ಟೇರ್ ಅನ್ನೋ ಅಳತೆಗೆ, ತರ್ತಾರೆ. ಅಮೆರಿಕದವರದ್ದು ತಲೆಗೆ 7ರ ಮೇಲೆ, ನಮ್ಮ ದೇಶದ್ದು 1ರ ಆಸುಪಾಸು. ಇನ್ನೊಂದು, ಲೆಕ್ಕ ಹೋಗೋದು ಬಳಸಿದವರ ಖಾತೆಗೆ, ಬೆಳೆದವರದ್ದಕ್ಕಲ್ಲ. ಅಡಿಕೆ ಬೇಯಿಸಿದ ಸೌದೆ ಅದನ್ನ ಅಗಿಯೋರ ಪಾಲಿಗೆ ಹೋಗುತ್ತೆ, ಬಚ್ಚಲ ಸೌದೆ ಮಾತ್ರ ನಿಮ್ಮದು.

ಕಾನಿನ_ಕಡೆಯವ:
ಮೇಷ್ಟ್ರು ಹೇಳಿದ್ದು ಸರಿ. ಆದ್ರೆ ನಮ್ಮ ಹಿರಿಯರಿಗೆ ಇದು ಹೊಸದಲ್ಲ ಮಾರಾಯ್ರೆ, ತೋಟಕ್ಕೆ ಸೊಪ್ಪು ತರೋಕೆ ಅಂತ ಬಿಟ್ಟ ಕಾಡು, ಸೊಪ್ಪಿನಬೆಟ್ಟ ಅಂದ್ರೆ ಇದೇ ಅಲ್ವಾ, ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟಿದ್ರು, ಒಂದು ಎಕರೆ ತೋಟ ಉಳೀಬೇಕು ಅಂದ್ರೆ ಹಿಂದೆ ಎಷ್ಟು ಕಾಡು ನಿಂತಿರಬೇಕು ಅನ್ನೋದು ಕಣ್ಣಿಗೇ ಕಾಣ್ತಿತ್ತು. ಈಗ ತೋಟ ಬೆಳೀತಾನೇ ಇದೆ, ಬೆಟ್ಟ ಬೋಳಾಗ್ತಾ ಇದೆ, ಸೊಪ್ಪಿನ ಬದಲು ಗೊಬ್ಬರದ ಚೀಲ ಬರುತ್ತೆ, ಅದರ ಕಾಡು ಎಲ್ಲಿದೆ ಅಂತ ಯಾರಿಗೂ ಕಾಣಲ್ಲ.

ನಂಗೆ ನಿಜವಾಗ್ಲೂ ಬೇಜಾರಾಗೋದು, ಈ ಲೆಕ್ಕಕ್ಕೆ ಜಾಗ ಎಷ್ಟು ಅನ್ನೋದು ಗೊತ್ತಾಗುತ್ತೆ, ಹೆಂಗಿದೆ ಅನ್ನೋದು ಗೊತ್ತಾಗಲ್ಲ. ಪೇಪರ್ ಮಿಲ್ಲಿಗೆ ಅಂತ ಬೆಳೆಸಿದ ಅಕೇಶಿಯಾ ನೆಡುತೋಪೂ ಕಾಡೇ, ನೂರಾರು ಜಾತಿ ಮರ ಇರೋ ಕಾನು, ಅಂದ್ರೆ ಹಳೇ ನಿತ್ಯಹಸಿರು ಕಾಡು, ಅದೂ ಕಾಡೇ. ಕೆರೆ ಬತ್ತಿದ್ದು, ಮಣ್ಣು ಕೊಚ್ಚಿ ಹೋಗಿದ್ದು ಇದ್ರಲ್ಲಿ ಬರಲ್ಲ.

ಶರಾವತಿ_ಮಗಳು:
ಕರೆಂಟೂ ಹಾಗೇ ಅಣ್ಣ. ನೀರಿಂದ ಬಂದ ಕರೆಂಟು ಅಂದ್ರೆ ಕಾರ್ಬನ್ ಕಮ್ಮಿ, ಸರಿ, ಆದ್ರೆ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರು ಗದ್ದೆ ಕಾಡು ಮನೆ ಬಿಲ್ಲಿನ ಯೂನಿಟ್ಟಲ್ಲಿ ಕಾಣುತ್ತಾ? ಹಾಗಂತ ಕ್ಯಾಲ್ಕುಲೇಟರ್ ಬಿಡಬೇಡಿ, ಪೆಟ್ರೋಲ್ ಎಷ್ಟು ದೊಡ್ಡ ಪಾಲು ಅಂತ ಮಗಳಿಗೆ ತಿಳಿಯುತ್ತೆ. ಅದರ ಪಕ್ಕ ಇನ್ನೊಂದು ಹಾಳೆ ಇಡ್ಸಿ, ಸೌದೆ ಯಾವ ಬೆಟ್ಟದ್ದು, ನೀರು ಎಲ್ಲಿಂದು, ಅಕ್ಕಿ ಸ್ವಂತದ್ದಾ ಅಂಗಡಿದಾ ಅಂತ ಅವಳೇ ಕೇಳಿ ಬರೀಲಿ.

ಸಾಗರ_ಸೀಮೆ:
ಥ್ಯಾಂಕ್ಸ್ ಎಲ್ರಿಗೂ, ಎರಡು ಹಾಳೆ ಐಡಿಯಾ ಮಗಳಿಗೂ ಇಷ್ಟ ಆಯ್ತು. ಮೇಷ್ಟ್ರೇ, ಬಚ್ಚಲ ಸೌದೇಲಿ ಅರ್ಧ ನಮ್ಮ ತೋಟದ್ದೇ ಅಡಿಕೆ ಮರದ ಒಣ ಸೋಗೆ, ಹಾಳೆ. ಅದನ್ನೂ ಕಾಡಿನ ಸೌದೆ ಜೊತೆ ಸೇರಿಸ್ಬೇಕಾ?

ಮೇಷ್ಟ್ರು_ತೀರ್ಥಹಳ್ಳಿ:
ಬೇಡ, ಅದಕ್ಕೆ ಅಂತ ಬೇರೆ ಜಾಗ ಬೇಕಾಗಲ್ಲ, ತೋಟದ ಜಾಗದಲ್ಲೇ ಬಂತು. ಬೆಟ್ಟದಿಂದ ತಂದಿದ್ದು ಮಾತ್ರ ತೂಗಿ ಬರೀರಿ.