ಬಡಾವಣೆಯ ಪಾರ್ಕನ್ನು ನಾವೇ ವಹಿಸಿಕೊಳ್ಳುವುದೇ? ಅನುಭವ ಇದ್ದವರು ಹೇಳಿ

ಮಂಜಿನ ಮನೆ:
ನಮ್ಮದು ಮಡಿಕೇರಿಯಲ್ಲಿ 38 ಮನೆಗಳ ಬಡಾವಣೆ. ನಡುವೆ 30 ಸೆಂಟಿನ ಪಾರ್ಕಿದೆ. ಎರಡು ಜೋಕಾಲಿ, ಅದರಲ್ಲಿ ಒಂದಕ್ಕೆ ಸರಪಳಿ ಮಾತ್ರ. ಕೆಳಬದಿಗೆ ಹತ್ತಡಿ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ತಡೆಗೋಡೆ ಇಲ್ಲ. ಸಂಘ ಮಾಡಿಕೊಂಡು ಬಂದರೆ ನಗರಸಭೆಯವರು ಮೂರು ವರ್ಷ ನಿರ್ವಹಣೆಯನ್ನು ಕರಾರಿನ ಮೇಲೆ ಬಿಟ್ಟುಕೊಡುತ್ತಾರಂತೆ. ಜಾಗ ಅವರದೇ, ನೀರು ಅವರದು, ಕೆಲಸ ನಮ್ಮದು. ಬರುವ ಭಾನುವಾರ ಸಭೆ ಇದೆ. ಮನೆಗೆ ತಿಂಗಳಿಗೆ 200 ರೂಪಾಯಿ ಸಾಕಾಗುತ್ತದೆಯೇ? ಬರೆ ಕುಸಿದರೆ ಹೊಣೆ ಯಾರದು? ಈ ಎರಡನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಮಾಜಿ ಖಜಾಂಚಿ:
ಬೇಡ. ನಾಲ್ಕು ವರ್ಷ ಲೆಕ್ಕ ಬರೆದವನು ಹೇಳುತ್ತಿದ್ದೇನೆ. ಊರಿನ ಹೆಸರು ಕೇಳಬೇಡಿ, ಅದೇ ಜನರ ಮುಖವನ್ನು ನಾನು ದಿನವೂ ಹಾಲಿನ ಅಂಗಡಿಯಲ್ಲಿ ನೋಡಬೇಕು.

ನಮ್ಮದು 52 ಮನೆ, ಮನೆಗೆ 150. ಮೊದಲ ತಿಂಗಳು 7,800 ಪೂರ್ತಿ ಬಂದಿತು. ಆಮೇಲೆ ಆ ಅಂಕಿಯನ್ನು ನಾನು ಕಂಡಿಲ್ಲ. ಆರನೆಯ ತಿಂಗಳಿಗೆ 4,350. ಎರಡನೆಯ ವರ್ಷದ ಜುಲೈಯಲ್ಲಿ 2,100. "ಮಳೆಯಲ್ಲಿ ಪಾರ್ಕಿಗೆ ಯಾರು ಹೋಗುತ್ತಾರೆ, ಆ ನಾಲ್ಕು ತಿಂಗಳು ಬಿಡಿ" ಎಂದರು. ಹುಲ್ಲಿಗೂ ಅದನ್ನೇ ಹೇಳಿ ನೋಡಿ ಎಂದೆ, ಅದಕ್ಕೆ ನನ್ನನ್ನು ಕೊಂಕು ಮಾತಿನವನು ಎಂದರು.

ಅಧ್ಯಕ್ಷರಿಗೆ ಲಾನ್ ಬೇಕಿತ್ತು. ಮೈಸೂರಿನಿಂದ ಹುಲ್ಲಿನ ಚಾಪೆ ತರಿಸಿದೆವು, ಚದರಡಿಗೆ 14 ರೂಪಾಯಿ, 3,000 ಚದರಡಿ, 42,000. ಲಾರಿ ಬಾಡಿಗೆ 6,500 ಬೇರೆ. ಕೊಟ್ಟಿಗೆ ಗೊಬ್ಬರ ಎರಡು ಟ್ರ್ಯಾಕ್ಟರ್, 9,000. ಹುಲ್ಲು ಕೊಚ್ಚುವ ಹಳೆಯ ಯಂತ್ರ 11,500. ಎರಡೇ ತಿಂಗಳಲ್ಲಿ ಕ್ಲಚ್ ಹೋಯಿತು, 1,850. ಅದನ್ನು ಎರವಲು ಕೊಂಡೊಯ್ದವರು ಎಣ್ಣೆ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದರು. ಇಂಜಿನ್ ಸೀಜ್, 4,200. ಅವರು ಯಾರು ಎಂದು ಇಡೀ ಬಡಾವಣೆಗೆ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಆಳಿಗೆ ದಿನಕ್ಕೆ 650. ಡಿಸೆಂಬರ್ ಬಂದು ಕಾಫಿ ಕೊಯ್ಲು ಶುರುವಾದರೆ 900 ಕೊಡುತ್ತೇನೆಂದರೂ ಆಳು ಬರುವುದಿಲ್ಲ.

ಮೂರನೆಯ ಮಳೆಗಾಲಕ್ಕೆ ಹುಲ್ಲಿನಡಿ ನೀರು ನಿಂತು ಬೇರು ಕೊಳೆಯಿತು. ಸೆಪ್ಟೆಂಬರಿನಲ್ಲಿ ಒಂದು ಮೂಲೆ ಹಿಡಿದು ಎಳೆದೆ, ಹಳೆಯ ಕಂಬಳಿಯ ಹಾಗೆ ಎದ್ದು ಬಂದಿತು. ಕೆಳಗೆ ಎರೆಹುಳ ಮತ್ತು ಜಿಗಣೆ. ನನ್ನ ಕೈಯಿಂದ ಹೋದದ್ದು 23,640. ರಸೀದಿ ಪುಸ್ತಕ ಇನ್ನೂ ನನ್ನ ಬೀರುವಿನಲ್ಲಿದೆ, ಯಾರಿಗಾದರೂ ಅನುಮಾನವಿದ್ದರೆ ಬಂದು ನೋಡಲಿ.

ಕಾಡು ಅರಿಶಿನ:
ಖಜಾಂಚಿಯವರೇ, ನಿಮ್ಮನ್ನು ಮುಳುಗಿಸಿದ್ದು ಪಾರ್ಕಲ್ಲ, ಲಾನ್. ವರ್ಷಕ್ಕೆ ನೂರು ಇಂಚು ದಾಟಿ ಮಳೆ ಸುರಿಯುವ ಊರಿನಲ್ಲಿ ಚಾಪೆ ಹುಲ್ಲು ಹಾಕುವವರಿಗೆ ಏನು ಹೇಳುವುದು?

ನಾನು ನಿವೃತ್ತ ಶಿಕ್ಷಕಿ. ನಮ್ಮ ಬೀದಿಯ ತುಂಡು ಜಾಗವನ್ನು ಆರು ಜನ ಹೆಂಗಸರು ಎಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದೇವೆ. ಸಂಘ ಇಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಮೊದಲ ವರ್ಷ ಲಾಂಟಾನಾ ಬೇರು ಕೀಳುವುದರಲ್ಲೇ ಕಳೆಯಿತು, ಕೈಯೆಲ್ಲ ತರಚು. ಆಮೇಲೆ ಹಿತ್ತಲಿನಲ್ಲಿ ಇದ್ದದ್ದನ್ನೇ ತಂದು ನೆಟ್ಟೆವು. ನೇರಳೆ, ಸಂಪಿಗೆ, ನೆಲ್ಲಿ, ಒಂದು ಅತ್ತಿ. ನೆರಳಿನಡಿ ಏಲಕ್ಕಿ, ಕಾಡು ಅರಿಶಿನ, ತೋಡಿನ ಬದಿಯ ತೇವದಲ್ಲಿ ಮಳೆಗಾಲದ ಪಾಯಸಕ್ಕೆ ಹಾಕುವ ಮದ್ದು ಸೊಪ್ಪು. ಹುಲ್ಲನ್ನು ವರ್ಷಕ್ಕೆ ಮೂರು ಸಲ ಕತ್ತಿಯಲ್ಲಿ ಕೊಚ್ಚಿ ಅಲ್ಲಿಯೇ ಬುಡಕ್ಕೆ ಹಾಕುತ್ತೇವೆ. ಕಳೆದ ವರ್ಷದ ಒಟ್ಟು ಖರ್ಚು 3,280 ರೂಪಾಯಿ. ಅದರಲ್ಲಿ 1,400 ಗೇಟಿನ ಕೀಲಿಗೆ.

ಈ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಊರಿನವರೇ ತಲೆತಲಾಂತರದಿಂದ ಕಾದುಕೊಂಡು ಬಂದದ್ದು. ಯಾವ ದೇವರಕಾಡಿಗೆ ಲಾನ್ ಹಾಕಿದ್ದಾರೆ, ತೋರಿಸಿ.

ಮಾಜಿ ಖಜಾಂಚಿ:
ದೇವರಕಾಡುಗಳಲ್ಲಿ ಎಷ್ಟು ಒತ್ತುವರಿಯಾಗಿದೆ ಎಂಬುದನ್ನೂ ಮಕ್ಕಳಿಗೆ ಕಲಿಸಿದ್ದೀರಾ ಮೇಡಂ? ದೇವರ ಭಯ ಇದ್ದಲ್ಲಿಯೇ ಹಾಗಾದರೆ, ನನ್ನ ರಸೀದಿಗೆ ಯಾರು ಹೆದರುತ್ತಾರೆ? ಆರು ಜನರ ದುಡಿಮೆಗೆ ಕೂಲಿ ಹಾಕಿ ಲೆಕ್ಕ ಕೊಡಿ, ಆಗ 3,280 ಎಷ್ಟಾಗುತ್ತದೆ ನೋಡೋಣ.

ಹೊಳೆಬದಿ:
ಕುಶಾಲನಗರದಿಂದ ಬರೆಯುತ್ತಿದ್ದೇನೆ. ನಿಮ್ಮಿಬ್ಬರದೂ ಮೇಲಿನ ಊರಿನ ಸುಖದ ಜಗಳ.

2018ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನಮ್ಮ ಬಡಾವಣೆಗೆ ನುಗ್ಗಿತು. ಪಾರ್ಕಿನ ಬೆಂಚುಗಳು ಕಾಣಲಿಲ್ಲ, ಜಾರುಬಂಡಿಯ ತುದಿ ಮಾತ್ರ ಕಾಣುತ್ತಿತ್ತು. ನೀರಿಳಿದ ಮೇಲೆ ಒಂದಡಿ ಗೋಡು. ಅದನ್ನು ಹಸಿ ಇರುವಾಗಲೇ ತೆಗೆಯಬೇಕು, ಒಣಗಿದರೆ ಗುದ್ದಲಿಗೂ ಬಗ್ಗುವುದಿಲ್ಲ. ನಮಗೆ ಗೊತ್ತಿರಲಿಲ್ಲ. ಮನೆಯೊಳಗಿನ ಕೆಸರನ್ನು ಮೊದಲು ತೆಗೆದೆವು, ಪಾರ್ಕಿಗೆ ಬರುವಾಗ ಅಕ್ಟೋಬರ್. ಜೆಸಿಬಿ ಏಳು ಗಂಟೆ, ಟಿಪ್ಪರ್ ಹದಿನೆಂಟು ಲೋಡ್. ಬೀದಿಯವರೆಲ್ಲ ಸೇರಿ ಹಾಕಿದ್ದು 31,000. ಕಣಗಿಲೆ, ದಾಸವಾಳ, ಹೊಂಗೆ ಎಲ್ಲ ಹೊಸದಾಗಿ ನೆಟ್ಟೆವು. 2019ರ ಆಗಸ್ಟಿನಲ್ಲಿ ಮತ್ತೆ ಅದೇ ನೀರು, ಅದೇ ಗೋಡು.

ಎರಡನೆಯ ಸಲ ಯಾರೂ ದುಡ್ಡು ಕೊಡಲಿಲ್ಲ. ನಾನೂ ಕೇಳಲಿಲ್ಲ. ನಾನು ಮತ್ತು ಪಕ್ಕದ ಮನೆಯ ಹುಡುಗ ಸಂಜೆ ಸಂಜೆ ಬಾಣಲೆಯಲ್ಲಿ ಮಣ್ಣು ಹೊತ್ತೆವು, ಮೂರು ತಿಂಗಳು. ಉಳಿದದ್ದು ಹೊಂಗೆ ಎರಡು. ಈಗ ಆಳೆತ್ತರ ದಾಟಿ ಕವಲೊಡೆದಿವೆ, ಕಾಂಡದ ಮೇಲೆ ನೀರು ನಿಂತ ಗುರುತು ಇನ್ನೂ ಇದೆ. ನಾನು ಬೇಡ ಎನ್ನುವುದಿಲ್ಲ. ಬೆಂಚು, ಗ್ರಾನೈಟ್, ದೀಪ ಎಂದು ಹಣ ಸುರಿಯಬೇಡಿ, ಅಷ್ಟೇ.

ಬೀಗದ ಕೈ:
ಎಲ್ಲರೂ ಹುಲ್ಲು ಮಣ್ಣು ಎನ್ನುತ್ತಿದ್ದೀರಿ. ಪಾರ್ಕಿನ ಜಗಳ ಶುರುವಾಗುವುದು ಗೇಟಿನಲ್ಲಿ.

ನಾವು ವಹಿಸಿಕೊಂಡ ಮೊದಲ ವಾರವೇ ಬೀಗ ಹಾಕಿದೆವು. ರಾತ್ರಿ ಬಾಟಲಿ ಒಡೆಯುವವರ ಕಾಟ. ನಾಲ್ಕು ಬೀಗದ ಕೈ ಮಾಡಿಸಿದೆವು. ಮೂರು ತಿಂಗಳಲ್ಲಿ ಹದಿನೇಳು ಕೈಗಳಾದವು, ಹೇಗೆ ಎಂದು ಕೇಳಬೇಡಿ. ಆಮೇಲೆ ಪಾರ್ಕಿನೊಳಗೆ ಒಬ್ಬರ ಮದುವೆ ಮನೆಯ ಶಾಮಿಯಾನ, ಒಬ್ಬರ ಮನೆ ಕಟ್ಟುವ ಜಲ್ಲಿ, ಒಬ್ಬರ ಕಾರು. ಕೊನೆಗೆ ಸಂಘದವರೇ "ಒಂದು ಸಣ್ಣ ಸಭಾಂಗಣ" ಎಂದು ನಕ್ಷೆ ತಂದರು. ಆಗ ನಾನು 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯನ್ನು ಮುದ್ರಿಸಿಕೊಂಡು ಸಭೆಗೆ ಹೋದೆ. ಪಾರ್ಕೆಂದು ಬಿಟ್ಟ ಜಾಗ ಪಾರ್ಕಾಗಿಯೇ ಇರಲಿ ಎಂದು ಮಾಡಿದ ಕಾಯ್ದೆ ಅದು. ಓದಿ ಮುಗಿಸುವ ಮೊದಲೇ ದೀಪ ಹೋಯಿತು. ಮೊಬೈಲ್ ಬೆಳಕಿನಲ್ಲಿ ಓದಿದೆ. ಸಭಾಂಗಣದ ಮಾತು ಅಲ್ಲಿಗೇ ನಿಂತಿತು. ಅಂದಿನಿಂದ ನಮ್ಮ ಮನೆಗೆ ಹುತ್ತರಿ ಹಬ್ಬದ ದಿನವೂ ಯಾರೂ ಬರುವುದಿಲ್ಲ.

ಸಂಘವನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿಯೇ ನೋಂದಾಯಿಸಿ, ಪ್ರತಿ ವರ್ಷ ಲೆಕ್ಕ ಪರಿಶೋಧನೆ ಮಾಡಿಸಿ. ಅದಕ್ಕೂ ಮೊದಲು ಆ ಜಾಗದ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ. ಬಡಾವಣೆ ಮಾಡಿದವರು ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಿದೆಯೇ ಎಂದು ನೋಡಿ. ನಮ್ಮಲ್ಲಿ ಅದನ್ನು ನೋಡಿದ್ದು ಎರಡನೆಯ ವರ್ಷ. ಪಾರ್ಕಿನ ಆರು ಸೆಂಟು ಪಕ್ಕದ ಸೈಟಿನ ಪತ್ರದೊಳಗೆ ಇತ್ತು.

ಅತಿಥಿ ಮನೆ:
ಬಾಟಲಿ ಎಂದ ಕೂಡಲೇ ಎಲ್ಲರೂ ನಮ್ಮ ಕಡೆ ನೋಡುತ್ತೀರಿ, ಆದ್ದರಿಂದ ಹೇಳುತ್ತೇನೆ. ನನ್ನದು ಹೋಂಸ್ಟೇ. ಬೀದಿಯ ಪಾರ್ಕಿಗೆ ಮನೆಯವರು 100 ಕೊಟ್ಟರೆ ನನ್ನಿಂದ 1,000 ತೆಗೆದುಕೊಳ್ಳುತ್ತಾರೆ. ಕೊಟ್ಟಿದ್ದೇನೆ, ಒಂದು ತಿಂಗಳೂ ತಪ್ಪಿಸಿಲ್ಲ. ಆದರೆ ನನ್ನ ಅತಿಥಿಗಳು ಅಲ್ಲಿ ಒಂದು ಫೋಟೊ ತೆಗೆದರೆ ಸೀಟಿ ಊದುತ್ತಾರೆ. ಕಳೆದ ವರ್ಷ ಒಂದು ಬೆಳಿಗ್ಗೆ ಬಾಟಲಿಗಳನ್ನು ಹೆಕ್ಕಿ ಚೀಲಕ್ಕೆ ತುಂಬಿ ಎಣಿಸಿದೆ, ಇಪ್ಪತ್ತಮೂರು. ಎಲ್ಲವೂ ಇಲ್ಲಿಯ ಅಂಗಡಿಯ ಅಗ್ಗದ ಸರಕು. ಬೆಂಗಳೂರಿನಿಂದ ಬರುವವರು ಅದನ್ನು ಮುಟ್ಟುವುದಿಲ್ಲ.

ಬೀಗದ ಕೈ:
ಅತಿಥಿಗಳು ಫೋಟೊ ತೆಗೆಯುವುದು ಬೇರೆ, ಮದುವೆಗೆ ಮುಂಚಿನ ಚಿತ್ರೀಕರಣವೆಂದು ಹೊಗೆ ಬಿಟ್ಟು, ಹೂವಿನ ಗಿಡ ತುಳಿದು, ಡ್ರೋನ್ ಹಾರಿಸುವುದು ಬೇರೆ. ಅದಕ್ಕೆ ರಾಜಾಸೀಟ್ ಇದೆ. ತೋಟಗಾರಿಕೆ ಇಲಾಖೆ ಟಿಕೆಟ್ ಪಡೆದು, ಆಳುಗಳನ್ನಿಟ್ಟು ನೋಡಿಕೊಳ್ಳುತ್ತದೆ. ನಮ್ಮಲ್ಲಿ ಬೆಳಿಗ್ಗೆ ಗುಡಿಸುವವರು 71 ವರ್ಷದ ಒಬ್ಬರು ಅಜ್ಜ.

ಮಂಜಿನ ಮನೆ:
ಎಲ್ಲರಿಗೂ ಧನ್ಯವಾದ. ಖಾತೆಯ ವಿಷಯ ನನಗೆ ಹೊಳೆದೇ ಇರಲಿಲ್ಲ, ನಾಳೆಯೇ ವಿಚಾರಿಸುತ್ತೇನೆ. ನಮ್ಮ 38ರಲ್ಲಿ 11 ಹೋಂಸ್ಟೇಗಳು ಎಂಬುದನ್ನು ಹೇಳಲು ಮರೆತಿದ್ದೆ. ಬರೆಯ ಬಗ್ಗೆ ಯಾರಾದರೂ? ಅದರ ಅಂಚಿನಲ್ಲಿಯೇ ಮೂರು ಸಿಲ್ವರ್ ಓಕ್ ಇವೆ, ಒಂದು ವಾಲಿದೆ.

ಗರಗಸ:
ವಾಲಿದ್ದರೆ ಮಳೆಗೆ ಮುಂಚೆ ಕಡಿಸಿಬಿಡಿ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಡದ ಮರಗಳ ಸಾಲಿನಲ್ಲಿ ಸಿಲ್ವರ್ ಓಕ್ ಇದೆ. ನಾನು ತೋಟದಲ್ಲಿ ಎಷ್ಟೋ ಕಡಿಸಿದ್ದೇನೆ. ಮರ ಮಾರಿದ ದುಡ್ಡಿನಲ್ಲಿ ಜೋಕಾಲಿ ಆಗುತ್ತದೆ.

ಕಾಡು ಅರಿಶಿನ:
ನಿಮ್ಮ ತೋಟದಲ್ಲಿ ಕಡಿಸಿದಿರಿ, ಸರಿ. ಪಾರ್ಕಿನ ಮರ ಯಾರದು? ಜಾಗದ ಒಡೆಯರ ಕಾಗದವಿಲ್ಲದೆ ಕೊಡಲಿ ಮುಟ್ಟಿಸಿದರೆ ಭಾನುವಾರದ ಸಭೆ ಠಾಣೆಯಲ್ಲಿ ನಡೆಯುತ್ತದೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ನನಗೂ ಅದರ ಮೇಲೆ ಪ್ರೀತಿಯಿಲ್ಲ. ಆದರೆ ಬರೆಯ ತುದಿಯಲ್ಲಿ ಮಣ್ಣು ಹಿಡಿದು ನಿಂತದ್ದನ್ನು ಬುಡಸಹಿತ ತೆಗೆದರೆ ಬೇರು ಕೊಳೆತ ಮೇಲೆ ಆ ಮಣ್ಣನ್ನು ಹಿಡಿಯುವವರು ಯಾರು? ಕೊಂಬೆ ಕಪಾತು ಮಾಡಿಸಿ ಭಾರ ಇಳಿಸಿ, ಬರೆಗೆ ಲಾವಂಚ ನೆಡಿ.

ಗರಗಸ:
2018ರಲ್ಲಿ ಮರ ತುಂಬಿದ ಬರೆಗಳೇ ಮರಸಹಿತ ಜಾರಿ ಬಂದವು. ಲಾವಂಚ ಅಂತೆ. ಹತ್ತಡಿ ಬರೆಗೆ ಹುಲ್ಲು ನೆಟ್ಟು ಮಲಗುವವರು ಮಲಗಲಿ.

ಹೊಳೆಬದಿ:
ನೀರು ಎಲ್ಲಿಂದ ಬರೆಗೆ ಇಳಿಯುತ್ತದೆ ಎಂದು ಮೊದಲು ನೋಡಿ, ಮರದ ಮಾತು ಆಮೇಲೆ. ಮೇಲಿನ ಮನೆಗಳ ತಾರಸಿ ನೀರು ಪಾರ್ಕಿಗೆ ಬಿಟ್ಟಿದ್ದರೆ ಅದಕ್ಕೆ ಚರಂಡಿ ಮಾಡಿಸದೆ ಕರಾರಿಗೆ ಸಹಿ ಹಾಕಬೇಡಿ. "ಬರೆ ಮತ್ತು ತಡೆಗೋಡೆ ಸಂಘದ ಹೊಣೆಯಲ್ಲ" ಎಂಬ ಒಂದು ಸಾಲನ್ನು ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಮಾಜಿ ಖಜಾಂಚಿ:
ಬರೆಸಿಕೊಂಡ ಸಾಲನ್ನು ಓದುವವರು ಬೇಕಲ್ಲ. ಹೋಗಲಿ. ಕಾಡು ಅರಿಶಿನ ಮೇಡಂ, ಆ ಮದ್ದು ಸೊಪ್ಪು, ಊರೆಲ್ಲ ಅದರ ಪಾಯಸ ಮಾಡುವ ಕಕ್ಕಡ ತಿಂಗಳ ಹದಿನೆಂಟರ ಮರುದಿನ ಉಳಿದಿರುತ್ತದೆಯೇ? ನಿಜ ಹೇಳಿ.

ಕಾಡು ಅರಿಶಿನ:
ಇಲ್ಲ. ಮೊದಲ ವರ್ಷ ಬೆಳಿಗ್ಗೆ ಆರಕ್ಕೆ ಹೋದೆ, ಗೆಣ್ಣು ಗೆಣ್ಣಿನ ದಂಟುಗಳ ಮೋಟು ಮಾತ್ರ. ರಾತ್ರಿ ಟಾರ್ಚ್ ಹಿಡಿದು ಬಂದು ಕೊಯ್ದಿದ್ದರು. ಗೇಟಿನ ಹತ್ತಿರ ಬಿದ್ದಿದ್ದ ನಾಲ್ಕು ಎಲೆಗಳನ್ನು ಹೆಕ್ಕಿ ಬಿಸಿನೀರಿಗೆ ಹಾಕಿದೆ, ನೇರಳೆ ಬಣ್ಣ ಬಿಟ್ಟಿತು. ಕುಳಿತು ಅತ್ತೆ. ಆಮೇಲೆ ಮೂರು ಪಟ್ಟು ನೆಟ್ಟೆವು. ಈಗ ಬೀದಿಗೆಲ್ಲ ಪಾಯಸ ಆಗುವಷ್ಟಿದೆ.

ಬೀಗದ ಕೈ:
ಇದಕ್ಕೇ ಬೀಗ ಬೇಕೆಂದದ್ದು. ಸಾರ್ವಜನಿಕ ಜಾಗದಲ್ಲಿ ರಾತ್ರಿ ಕೊಯ್ದರೆ ಅದು ಕಳವೇ.

ಅತಿಥಿ ಮನೆ:
ಮದ್ದು ಸೊಪ್ಪು ಕಳವೇ? ಬೇಲಿಯ ಬದಿಯಲ್ಲಿ ಇರುವ ಸೊಪ್ಪನ್ನು ಆ ದಿನ ಯಾರೂ ಯಾರನ್ನೂ ಕೇಳಿ ಕೊಯ್ದದ್ದಿಲ್ಲ. ನೀವು ಈ ಕಡೆಯವರು ತಾನೇ?

ಬೀಗದ ಕೈ:
ನಾನು ಯಾವ ಕಡೆಯವನು ಎಂದು ಕೇಳಲು ನೀವು ಯಾರು? ನನ್ನ ಅಜ್ಜನ ಕಾಲದಿಂದ ಇಲ್ಲಿದ್ದೇವೆ. ಬೇರುಸಹಿತ ಕಿತ್ತರೂ ಸಂಪ್ರದಾಯವೇ?

ಕಾಡು ಅರಿಶಿನ:
ಬೇರು ಕೀಳಲಿಲ್ಲ ಎಂದೆನಲ್ಲ, ಮೋಟು ಇತ್ತು. ನನ್ನ ಗಿಡಕ್ಕೆ ನೀವಿಬ್ಬರು ಯಾಕೆ ಹೊಡೆದಾಡುತ್ತೀರಿ?

ಮಾಜಿ ಖಜಾಂಚಿ:
ಮೇಡಂ, ಲಾನ್ ಕಿತ್ತ ಜಾಗ ಇನ್ನೂ ಹಾಗೆಯೇ ಇದೆ. ತೇವ ಬಿಡುವುದಿಲ್ಲ, ಮಧ್ಯಾಹ್ನದ ಮೇಲೆ ನೆರಳು. ಪಾರ್ಕಿನ ಮೇಲೆ ನನಗೆ ಯಾವ ಆಸೆಯೂ ಉಳಿದಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ಮದ್ದು ಸೊಪ್ಪಿನ ದಂಟು ಒಂದೈವತ್ತು ಸಿಗಬಹುದೇ? ಎಷ್ಟಾಗುತ್ತದೆ?

ಕಾಡು ಅರಿಶಿನ:
ದುಡ್ಡಿಲ್ಲ. ಮೊದಲ ಮಳೆ ಬಿದ್ದ ಮೇಲೆ ಬನ್ನಿ, ಕತ್ತಿ ಮತ್ತು ಗೋಣಿ ನೀವೇ ತನ್ನಿ. ರಸೀದಿ ಪುಸ್ತಕ ಮನೆಯಲ್ಲಿರಲಿ.