ಹೊಸ ಸೌಂಡ್ ಕಾರ್ಡ್ ಹಾಕಿದರೂ ಗುಂಯ್ ಅನ್ನುವುದು ನಿಂತಿಲ್ಲ

ತೋಟದಮನೆ (ಶಿರಸಿ):
ಸಾಕಾಗಿ ಹೋಗಿದೆ ಮಾರಾಯ್ರೆ. ಮದರ್‌ಬೋರ್ಡಿನ ಸೌಂಡ್ ಅಷ್ಟಕ್ಕಷ್ಟೇ, ಬೇರೆ ಕಾರ್ಡ್ ಹಾಕಿ ಅಂತ ಇಲ್ಲೇ ಯಾರೋ ಬರೆದಿದ್ದರು. ದುಡ್ಡು ಕೊಟ್ಟು ತರಿಸಿದೆ, ಹಾಕಿದೆ. ಸ್ಪೀಕರಿನಲ್ಲಿ ಗುಂಯ್ ಅನ್ನುವುದು ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ. ಹಾಡು ನಿಲ್ಲಿಸಿದರೂ ಗುಂಯ್. ಕಂಪ್ಯೂಟರಿನ ವಾಲ್ಯೂಮ್ ಸೊನ್ನೆ ಮಾಡಿದರೂ ಗುಂಯ್. ಸಾಲದ್ದಕ್ಕೆ ಕ್ಯಾಬಿನೆಟ್ಟಿನ ಮುಂದಿನ ಹೆಡ್‌ಫೋನ್ ಜ್ಯಾಕ್ ಈಗ ಸತ್ತೇ ಹೋಗಿದೆ. ಅಪ್ಪ ಕೂಡಿಟ್ಟ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಮಳೆಗಾಲದೊಳಗೆ ಕಂಪ್ಯೂಟರಿಗೆ ಏರಿಸಬೇಕು, ಆಗಲೇ ಕೆಲವಕ್ಕೆ ಬೂಷ್ಟು ಹಿಡಿದಿದೆ. ಕಾರ್ಡ್ ವಾಪಸ್ ಕಳಿಸಲಾ, ಇಟ್ಟುಕೊಳ್ಳಲಾ? ಬೇಗ ಹೇಳಿ.

ನೀಲಿಪರದೆ (ಯಲ್ಲಾಪುರ):
ಡ್ರೈವರ್ ಸಮಸ್ಯೆ, ಅಂದರೆ ಕಾರ್ಡನ್ನು ಓಡಿಸುವ ಸಾಫ್ಟ್‌ವೇರಿನದ್ದು. ಕಣ್ಣು ಮುಚ್ಚಿ ಹೇಳುತ್ತೇನೆ. ಹಳೆಯ ರಿಯಲ್‌ಟೆಕ್ ಡ್ರೈವರ್ ಪೂರ್ತಿ ತೆಗೆಯಿರಿ. ಬಯೋಸಿಗೆ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗಿಗೆ) ಹೋಗಿ ಆನ್‌ಬೋರ್ಡ್ ಆಡಿಯೋ, ಅಂದರೆ ಮದರ್‌ಬೋರ್ಡಿನದ್ದೇ ಸೌಂಡ್, ಡಿಸೇಬಲ್ ಮಾಡಿ. ಆಮೇಲೆ ಕಾರ್ಡ್ ಕಂಪನಿಯ ಡ್ರೈವರನ್ನೇ ಹಾಕಿ. ವಿಂಡೋಸ್ ತಾನಾಗಿ ಹಾಕಿಕೊಳ್ಳುವುದನ್ನು ನಂಬಬೇಡಿ.

ಕಾಳಿಸೇತುವೆ (ಕಾರವಾರ):
ಯಾವ ಕಾರ್ಡ್? ಕೂರುವ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ಸಾ, ಹಳೇ ಪಿಸಿಐಯಾ? ಸ್ಪೀಕರ್ ಯಾವುದು? ಆಂಪ್ (ಆಂಪ್ಲಿಫೈಯರ್) ಇದೆಯಾ, ಇಲ್ಲ ಕಂಪ್ಯೂಟರ್ ಸ್ಪೀಕರಾ? ಏನೂ ಹೇಳದೆ ಗುಂಯ್ ಅಂದರೆ ನಾವೇನು ಅಂಜನ ಹಾಕಿ ನೋಡಬೇಕಾ?

ತೋಟದಮನೆ:
ಕಂಪನಿ ಹೆಸರು ಹಾಕಿದರೆ ಇಲ್ಲಿ ಜಗಳ ಶುರುವಾಗುತ್ತದೆ, ಬಿಡಿ. ಸಣ್ಣ ಸ್ಲಾಟಿಗೆ ಕೂರುವ ಮಾಮೂಲಿ ಎಕ್ಸ್1 ಕಾರ್ಡ್. ಸ್ಪೀಕರ್ ಎಲ್ಲರ ಮನೆಯಲ್ಲೂ ಇರುವಂಥದ್ದೇ. @ನೀಲಿಪರದೆ, ನೀವು ಹೇಳಿದ್ದೆಲ್ಲ ಮಾಡಿದೆ. ಗುಂಯ್ ಹಾಗೇ ಇದೆ.

ನೀಲಿಪರದೆ:
ಹಾಗಾದರೆ ಸೌಂಡ್ ಸೆಟ್ಟಿಂಗಿನಲ್ಲಿ ‘ಎನ್‌ಹಾನ್ಸ್‌ಮೆಂಟ್’ ಎಲ್ಲ ಆಫ್ ಮಾಡಿ. ಸ್ಯಾಂಪಲ್ ರೇಟ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವುದು) 48,000 ಇದ್ದರೆ 44,100 ಮಾಡಿ ನೋಡಿ. ಡ್ರೈವರಿನ ಹಳೇ ಆವೃತ್ತಿಯನ್ನೂ ಒಮ್ಮೆ ಹಾಕಿ ನೋಡಿ.

ಇಪ್ಪತ್ನಾಲ್ಕುಬಿಟ್ (ಹೊನ್ನಾವರ):
44,100 ಅಂತೆ! ಈ ಕಾಲದಲ್ಲಿ? ಕ್ಯಾಸೆಟ್ ಏರಿಸುವುದಾದರೆ 24 ಬಿಟ್, 192 ಕಿಲೋಹರ್ಟ್ಸ್‌ನಲ್ಲೇ ಏರಿಸಿ. ಒಂದೇ ಸಲ ಮಾಡುವ ಕೆಲಸ. ಅಂದ ಹಾಗೆ ಒಳಗಿನ ಕಾರ್ಡ್ ತೆಗೆದುಕೊಂಡದ್ದೇ ದಂಡ. ಯುಎಸ್‌ಬಿ ಡ್ಯಾಕ್ (ಹೊರಗೆ ಜೋಡಿಸುವ ಸೌಂಡ್ ಪೆಟ್ಟಿಗೆ) ತಗೊಳ್ಳಬೇಕಿತ್ತು. ಕ್ಯಾಬಿನೆಟ್ ಒಳಗೆ ಗ್ರಾಫಿಕ್ಸ್ ಕಾರ್ಡ್, ಕರೆಂಟ್ ಕೊಡುವ ಎಸ್‌ಎಂಪಿಎಸ್ಸಿನ ಗದ್ದಲದ ನಡುವೆ ಯಾವ ಕಾರ್ಡ್ ಇಟ್ಟರೂ ಅಷ್ಟೇ.

ಕಾಳಿಸೇತುವೆ:
ಕ್ಯಾಸೆಟ್ಟಿಗೆ 192? ಕ್ಯಾಸೆಟ್ಟಿನಲ್ಲಿ 20 ಕಿಲೋಹರ್ಟ್ಸ್ ತನಕವೂ ಸರಿಯಾಗಿ ಏನೂ ಇರುವುದಿಲ್ಲ. 44.1ರಲ್ಲಿ 22 ಕಿಲೋಹರ್ಟ್ಸ್ ತನಕ ಹಿಡಿಯಬಹುದು. 16 ಬಿಟ್ ಅಂದರೆ ಅತಿ ಜೋರಿಗೂ ಅತಿ ಮೆಲ್ಲನೆಯ ಸದ್ದಿಗೂ 96 ಡೆಸಿಬೆಲ್ ಅಂತರ. ಕ್ಯಾಸೆಟ್ಟಿನ ಸ್ಸ್ ಅನ್ನುವ ಸದ್ದು ಆ ಅತಿ ಮೆಲ್ಲನೆಯದಕ್ಕಿಂತ ಎಷ್ಟೋ ಮೇಲೆ ಇರುತ್ತದೆ. 90 ನಿಮಿಷದ ಕ್ಯಾಸೆಟ್ ಸಿಡಿ ಮಟ್ಟದಲ್ಲಿ ಹತ್ತಿರ ಹತ್ತಿರ 950 ಎಂಬಿ ಆಗುತ್ತದೆ. ನೀವು ಹೇಳಿದ ಹಾಗೆ ಮಾಡಿದರೆ 6 ಜಿಬಿ ದಾಟುತ್ತದೆ. ಯಾವುದಕ್ಕೆ? ಟೇಪಿನ ಸುಂಯ್ ಸದ್ದನ್ನು ಚೆನ್ನಾಗಿ ಕೇಳಲಿಕ್ಕಾ?

ಇಪ್ಪತ್ನಾಲ್ಕುಬಿಟ್:
ಕಿವಿ ಇದ್ದವರಿಗೆ ಗೊತ್ತಾಗುತ್ತದೆ.

ಕಾಳಿಸೇತುವೆ:
ಕಿವಿ ನನಗೂ ಇದೆ. 24 ಬಿಟ್ಟಿಗೆ ನನ್ನ ತಕರಾರಿಲ್ಲ, ಲೆವೆಲ್ ಸ್ವಲ್ಪ ಕಡಿಮೆ ಇಟ್ಟರೂ ನಡೆಯುತ್ತದೆ. 192 ಮಾತ್ರ ಸುಮ್ನೆ.

ಹಳೇವಾಲ್ವು (ಕುಮಟಾ):
ತಮ್ಮಾ, ಇಬ್ಬರೂ ಸ್ವಲ್ಪ ನಿಲ್ಲಿಸಿ. ತೋಟದಮನೆಯವರೇ, ಮೂರು ಕೆಲಸ ಮಾಡಿ ಹೇಳಿ.
ಹೆಡ್‌ಫೋನನ್ನು ಹೊಸ ಕಾರ್ಡಿನ ಹಿಂದಿನ ಜ್ಯಾಕಿಗೇ ಹಾಕಿ. ಮುಂದಿನದಕ್ಕೆ ಬೇಡ. ಗುಂಯ್ ಕೇಳಿಸುತ್ತದಾ?
ಆಮೇಲೆ ಸ್ಪೀಕರ್ ಕಡೆಯದ್ದು ಆನ್ ಇರಲಿ, ಕಂಪ್ಯೂಟರಿಂದ ಪಿನ್ ಕಿತ್ತು ನೋಡಿ. ಗುಂಯ್ ಇದೆಯಾ?
ಕೊನೆಗೆ ಪಿನ್ ವಾಪಸ್ ಹಾಕಿ, ಕಂಪ್ಯೂಟರ್ ಪೂರ್ತಿ ಶಟ್‌ಡೌನ್ ಮಾಡಿ. ಗೋಡೆಯ ಸ್ವಿಚ್ ಆನ್ ಇರಲಿ. ಆಗ?

ತೋಟದಮನೆ:
ಹೆಡ್‌ಫೋನಿನಲ್ಲಿ ಗುಂಯ್ ಇಲ್ಲ, ಭಾರಿ ಸ್ವಚ್ಛ ಇದೆ. ಪಿನ್ ಕಿತ್ತರೆ ಗುಂಯ್ ಹೋಗುತ್ತದೆ. ಕಂಪ್ಯೂಟರ್ ಆಫ್ ಮಾಡಿದರೂ ಪಿನ್ ಹಾಕಿದ್ದರೆ ಗುಂಯ್ ಇದೆ! ಇದೇನು ವಿಚಿತ್ರ?

ಹಳೇವಾಲ್ವು:
ವಿಚಿತ್ರ ಏನಿಲ್ಲ. ಕಾರ್ಡ್ ಸರಿ ಇದೆ, ವಾಪಸ್ ಕಳಿಸಬೇಡಿ. ನಿಮ್ಮದು ಗ್ರೌಂಡ್ ಲೂಪ್, ಅಂದರೆ ಎರಡು ಕಡೆ ನೆಲಕ್ಕೆ ಸೇರಿ ಆದ ಸುತ್ತು. @ನೀಲಿಪರದೆ ತಮ್ಮಾ, ಆಫ್ ಆದ ಕಂಪ್ಯೂಟರಿನಲ್ಲಿ ಡ್ರೈವರ್ ಎಲ್ಲಿ ಓಡುತ್ತದೆ?

ನೀಲಿಪರದೆ:
ವಾಲ್ವಣ್ಣ, ವಿಂಡೋಸ್ 10ರಲ್ಲಿ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಅಂತ ಇದೆ, ಕರ್ನಲ್ಲನ್ನು (ವಿಂಡೋಸಿನ ತಿರುಳನ್ನು) ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ. ಅದನ್ನು ಆಫ್ ಮಾಡಿ ನೋಡಲಿ ಮೊದಲು.

ಕಾಳಿಸೇತುವೆ:
ಡಿಸ್ಕಿನಲ್ಲಿ ಮಲಗಿದ ಕರ್ನಲ್ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದಾ? ದೊಡ್ಡ ನಮಸ್ಕಾರ.

ಕರಿಇಶಾಡು (ಅಂಕೋಲಾ):
ಗ್ರೌಂಡ್ ಲೂಪ್ ಆದರೆ ಸುಲಭ. ಕಂಪ್ಯೂಟರ್ ಪ್ಲಗ್ಗಿನ ಮೇಲಿನ ದಪ್ಪ ಪಿನ್ ತೆಗೆದುಬಿಡಿ, ಇಲ್ಲ ಟೂ ಪಿನ್ ಅಡಾಪ್ಟರ್ ಹಾಕಿ. ನಮ್ಮನೆಯಲ್ಲಿ ಹಾಗೇ ಮಾಡಿದ್ದು. ಗುಂಯ್ ಗಿಂಯ್ ಏನೂ ಇಲ್ಲ.

ಹಳೇವಾಲ್ವು:
ಯಾರೂ ಹಾಗೆ ಮಾಡಬೇಡಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಆ ದಪ್ಪ ಪಿನ್ನೇ ಅರ್ಥ್. ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು ಸಣ್ಣ ಕೆಪಾಸಿಟರ್ ಬಾಡಿಗೆ ಬಂದಿರುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ಇರುತ್ತದೆ. ಕರೆಂಟ್ ತೀರ ಕಡಿಮೆ, ಹಾಗಾಗಿ ಮುಟ್ಟಿದರೆ ಜುಮ್ ಅನ್ನುತ್ತದೆ ಅಷ್ಟೇ. ಆದರೆ ಒಳಗೆ ಏನಾದರೂ ಶಾರ್ಟ್ ಆದ ದಿನ ಜುಮ್ ಅನ್ನುವುದಿಲ್ಲ, ಆಳೇ ಹೋಗುತ್ತಾನೆ. ನಿಮ್ಮ ಕ್ಯಾಬಿನೆಟ್ಟಿಗೆ ಟೆಸ್ಟರ್ ಇಟ್ಟು ನೋಡಿ. ಕೈಯಲ್ಲಿ ಮುಟ್ಟಿ ನೋಡಬೇಡಿ.

ಕರಿಇಶಾಡು:
ಟೆಸ್ಟರ್ ಸ್ವಲ್ಪ ಹತ್ತುತ್ತದೆ. ಮೊದಲಿಂದಲೂ ಹಾಗೇ. ಚಪ್ಪಲಿ ಹಾಕಿಕೊಂಡು ಕೂರುತ್ತೇವೆ.

ಹಳೇವಾಲ್ವು:
ದೇವರೇ.
ತೋಟದಮನೆಯವರೇ, ಆಂಪ್ಲಿಫೈಯರಿಗೆ ಕಂಪ್ಯೂಟರ್ ಬಿಟ್ಟು ಬೇರೆ ಏನೇನು ಜೋಡಿಸಿದೆ? ಒಂದೂ ಬಿಡದೆ ಹೇಳಿ.

ತೋಟದಮನೆ:
ಕಂಪ್ಯೂಟರ್, ಕ್ಯಾಸೆಟ್ ಡೆಕ್. ಮತ್ತೆ ಟಿವಿಯ ಸೆಟ್‌ಟಾಪ್ ಬಾಕ್ಸ್, ಅದರ ಕೆಂಪು-ಬಿಳಿ ವೈರ್ ಆಂಪಿಗೆ ಬಂದಿದೆ. ಆದರೆ ಟಿವಿ ಆಫ್ ಇರುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಅದನ್ನೂ ಹೇಳಬೇಕಿತ್ತಾ?

ಕಾಳಿಸೇತುವೆ:
ಎಲ್ಲರ ಮನೆಯಲ್ಲೂ ಇರುವಂಥ ಸ್ಪೀಕರ್ ಅಂದಿರಿ. ಈಗ ನೋಡಿದರೆ ಆಂಪು, ಡೆಕ್ಕು, ಡಿಶ್ಶು! ಇನ್ನೇನಿದೆ? ಗಿರಣಿ ಇದ್ದರೆ ಅದನ್ನೂ ಹೇಳಿಬಿಡಿ.

ಹಳೇವಾಲ್ವು:
ಡಿಶ್ ಎಲ್ಲಿ ನಿಲ್ಲಿಸಿದ್ದು? ಕಬ್ಬಿಣದ ಪೈಪಿಗಾ?

ತೋಟದಮನೆ:
ಹೌದು. ಅಂಗಳದ ಬದಿಗೆ ನೆಲದಲ್ಲಿ ಹುಗಿದ ಪೈಪು. ಮಂಗನ ಕಾಟಕ್ಕೆ ಹಂಚಿನ ಮೇಲೆ ಇಡಲಿಕ್ಕಾಗುವುದಿಲ್ಲ.

ಹಳೇವಾಲ್ವು:
ಸಿಕ್ಕಿತು. ಕಂಪ್ಯೂಟರಿನ ಅರ್ಥ್ ಮೂರನೇ ಪಿನ್ನಿನಿಂದ ಮನೆಯ ಅರ್ಥ್ ಗುಂಡಿಗೆ ಹೋಗಿದೆ. ಡಿಶ್ ಕೇಬಲ್ಲಿನ ಹೊರಗಿನ ಹೆಣಿಗೆ ಡಿಶ್ ಬಾಡಿಯಿಂದ ಆ ಪೈಪಿಗೆ, ಅಲ್ಲಿಂದ ಅಂಗಳದ ಮಣ್ಣಿಗೆ. ಎರಡೂ ಕಡೆಯದ್ದು ಆಂಪಿನಲ್ಲಿ ಬಂದು ಕೂಡಿಕೊಂಡಿವೆ. ಎರಡು ಕಡೆಯ ನೆಲ ಯಾವತ್ತೂ ಒಂದೇ ವೋಲ್ಟೇಜಿನಲ್ಲಿ ಇರುವುದಿಲ್ಲ. ಆ ಸಣ್ಣ ವ್ಯತ್ಯಾಸ ನಿಮ್ಮ ಆಡಿಯೋ ವೈರಿನ ಗ್ರೌಂಡಿನಲ್ಲಿ ಹರಿಯುತ್ತದೆ. ಅದೇ ಗುಂಯ್. ನಮ್ಮ ಲೈನಿನ 50 ಹರ್ಟ್ಸ್, ಅದರ ಜೊತೆಗೆ 100, 150. ಸೆಟ್‌ಟಾಪ್ ಬಾಕ್ಸಿನ ಟೂ ಪಿನ್ ಅಡಾಪ್ಟರಿನಿಂದ ಸೋರುವುದೂ ಇದೇ ದಾರಿಯಲ್ಲಿ ಬರುತ್ತದೆ. ಟಿವಿ ಆಫ್ ಇದ್ದರೂ ಅದಕ್ಕೆ ಬೇಸರ ಇಲ್ಲ. ಸೌಂಡ್ ಕಾರ್ಡ್ ಬದಲಿಸಿದರೆ ಇದು ಹೇಗೆ ಹೋಗುತ್ತದೆ? ಕೆಂಪು-ಬಿಳಿ ವೈರ್ ಕಿತ್ತು ನೋಡಿ.

ತೋಟದಮನೆ:
ಕಿತ್ತೆ. ನಿಂತಿತು. ಸ್ಪೀಕರ್ ಆನ್ ಇದೆಯೋ ಇಲ್ಲವೋ ಅಂತ ಹತ್ತಿರ ಹೋಗಿ ಕಿವಿ ಇಡಬೇಕಾಯಿತು.
ಆದರೆ ಆಯಿಗೆ ಸಂಜೆ ಟಿವಿಯ ಸೌಂಡ್ ದೊಡ್ಡದಾಗಿ ಕೇಳಬೇಕು. ವೈರ್ ಕಿತ್ತಿಡಲಿಕ್ಕಾಗುವುದಿಲ್ಲ.

ಹಳೇವಾಲ್ವು:
ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಿಗುತ್ತದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಸದ್ದು ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಅದನ್ನು ಸೆಟ್‌ಟಾಪ್ ಬಾಕ್ಸಿನ ವೈರಿಗೆ ಹಾಕಿ. ಕಂಪ್ಯೂಟರಿನ ವೈರಿಗೆ ಬೇಡ, ಅಗ್ಗದ್ದರಲ್ಲಿ ತಗ್ಗಿನ ಸದ್ದು ಸಣ್ಣಗಾಗುತ್ತದೆ, ಮದ್ದಳೆ ಸೊರಗುತ್ತದೆ. ಆಯಿಯ ಧಾರಾವಾಹಿಗೆ ಅಷ್ಟು ಸಾಕು. ಆಂಪಿನಲ್ಲಿ ಆಪ್ಟಿಕಲ್ ಇನ್‌ಪುಟ್ ಇದ್ದರೆ ಕಂಪ್ಯೂಟರನ್ನು ಅದಕ್ಕೇ ಕೊಡಬಹುದಿತ್ತು. ಬೆಳಕಿನ ವೈರ್, ಅದರಲ್ಲಿ ಗ್ರೌಂಡೇ ಇಲ್ಲ. ನಿಮ್ಮದು ಹಳೇ ಆಂಪ್, ಇರಲಿಕ್ಕಿಲ್ಲ.
ಅರ್ಥ್ ಗುಂಡಿಗೂ ಒಂದೆರಡು ಕೊಡ ನೀರು ಹಾಕಿ. ನಮ್ಮ ಕಡೆ ಕೆಂಪು ಕಲ್ಲಿನ ನೆಲ, ಏಪ್ರಿಲ್-ಮೇ ಹೊತ್ತಿಗೆ ಒಣಗಿ ಕಲ್ಲಾಗುತ್ತದೆ. ಇದ್ದಿಲು-ಉಪ್ಪು ಹಾಕಿ ಮಾಡಿದ ಗುಂಡಿಯೂ ಒಣಗಿದರೆ ಉಪಯೋಗ ಇಲ್ಲ.

ಕಾಳಿಸೇತುವೆ:
ನಮ್ಮ ಕಾರವಾರದಲ್ಲಿ ಒದ್ದೆಗೆ ಬರ ಇಲ್ಲ. ಉಪ್ಪು ಗಾಳಿಗೆ ಅರ್ಥ್ ವೈರಿನ ನಟ್ಟೇ ಹಸಿರು ಹಿಡಿದು ಹೋಗುತ್ತದೆ. ಕಾರ್ಡಿನ ಚಿನ್ನದ ಬೆರಳುಗಳನ್ನೂ ನಾನು ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹಾಕುತ್ತೇನೆ. ನನ್ನದು ಸೌಂಡ್ ಬ್ಲಾಸ್ಟರ್ ಲೈವ್. 1998ರಲ್ಲಿ ಬಂದ ಮಾಡೆಲ್, ಇವತ್ತಿಗೂ ಓಡುತ್ತಿದೆ. ಅದಕ್ಕಾಗಿಯೇ ಪಿಸಿಐ ಸ್ಲಾಟ್ ಇರುವ ಹಳೇ ಮದರ್‌ಬೋರ್ಡ್, ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡಿದ್ದೇನೆ. ಆಟಗಳಲ್ಲಿ ಹಿಂದಿನಿಂದ ಬರುವ ಹೆಜ್ಜೆ ಸದ್ದು ಕಾರ್ಡೇ ಲೆಕ್ಕ ಹಾಕಿ ಕೊಡುತ್ತಿತ್ತು. 2007ರಲ್ಲಿ ವಿಂಡೋಸ್ ವಿಸ್ತಾ ಬಂತು, ಆ ದಾರಿಯನ್ನೇ ಮುಚ್ಚಿತು. ಆಮೇಲಿನ ಕಾರ್ಡುಗಳೆಲ್ಲ ಅರ್ಧ ಜೀವ.

ಇಪ್ಪತ್ನಾಲ್ಕುಬಿಟ್:
ಆ ಕಾರ್ಡ್ ಒಳಗೆ ಎಲ್ಲವನ್ನೂ 48 ಕಿಲೋಹರ್ಟ್ಸಿಗೆ ಬದಲಿಸುತ್ತದೆ. 44.1ರ ಸಿಡಿಯನ್ನೂ ಅದು ಹಾಗೇ ಬಿಡುವುದಿಲ್ಲ. ಅಂಥದ್ದನ್ನು ಇಟ್ಟುಕೊಂಡು ನನಗೆ ಪಾಠ ಹೇಳಿದಿರಲ್ಲ!

ಕಾಳಿಸೇತುವೆ:
ಹೇಳಿದೆ. ಈಗಲೂ ಹೇಳುತ್ತೇನೆ.

ತೋಟದಮನೆ:
ನಿಮ್ಮ ಜಗಳ ಮುಗಿದ ಮೇಲೆ ಇದನ್ನು ಹೇಳಿ. ರೆಕಾರ್ಡ್ ಮಾಡಿದರೆ ಭಾಗವತರ ಏರುಪದ ಬಂದಾಗ ಸ್ವರ ಒಡೆಯುತ್ತದೆ. ಚಂಡೆ ಬಿದ್ದರಂತೂ ಬರೀ ಕರಕರ. ಅರ್ಥ ಹೇಳುವಾಗ ಪರವಾಗಿಲ್ಲ. ಮುಂದಿನ ಹೆಡ್‌ಫೋನ್ ಜ್ಯಾಕ್ ಕೂಡ ಇನ್ನೂ ಸತ್ತೇ ಇದೆ.

ನೀಲಿಪರದೆ:
ಒಡೆಯುವುದು ಮಾತ್ರ ಡ್ರೈವರೇ. ಬಫರ್ (ಸದ್ದನ್ನು ಸ್ವಲ್ಪ ಹೊತ್ತು ಕೂಡಿಡುವ ಜಾಗ) ಸಾಲುತ್ತಿಲ್ಲ. ಲೇಟೆನ್ಸಿ (ಎಷ್ಟು ತಡ ಆಗುತ್ತದೆ ಅನ್ನುವುದು) ನೋಡುವ ಸಾಫ್ಟ್‌ವೇರ್ ಹಾಕಿ ನೋಡಿ. ವೈಫೈ ಆಫ್ ಮಾಡಿ ರೆಕಾರ್ಡ್ ಮಾಡಿ.

ಹಳೇವಾಲ್ವು:
ಬಫರ್ ತಪ್ಪಿದರೆ ಸದ್ದು ಟಕ್ ಟಕ್ ಅಂತ ಕಡಿದು ಹೋಗಬೇಕು. ಅದು ಮೆಲ್ಲಗೆ ಮಾತಾಡುವಾಗಲೂ ಆಗುತ್ತದೆ. ಜೋರಾದಾಗ ಮಾತ್ರ ಒಡೆದರೆ ಲೆವೆಲ್ ಜಾಸ್ತಿ ಅಂತ ಅರ್ಥ. ಡೆಕ್ಕಿನ ವೈರ್ ಯಾವ ಬಣ್ಣದ ಜ್ಯಾಕಿಗೆ ಹಾಕಿದ್ದೀರಿ?

ತೋಟದಮನೆ:
ಗುಲಾಬಿ. ರೆಕಾರ್ಡಿಂಗ್ ಅಂದರೆ ಅದೇ ಅಲ್ವಾ? ಮೈಕಿನ ಚಿತ್ರ ಇದೆ.

ಹಳೇವಾಲ್ವು:
ಅದು ಮೈಕಿಗೆ. ಮೈಕಿನಿಂದ ಬರುವುದು ಕೆಲವು ಮಿಲಿವೋಲ್ಟ್, ಅದನ್ನು ಹಿಗ್ಗಿಸಲಿಕ್ಕೆ ಅಲ್ಲಿ ಬೇರೆ ಆಂಪ್ ಇರುತ್ತದೆ. ಡೆಕ್ಕಿನ ಲೈನ್ ಔಟ್ ಮುಕ್ಕಾಲು ಪಾಲು 0.3 ವೋಲ್ಟ್ ಹತ್ತಿರ. ಅಷ್ಟನ್ನು ಅಲ್ಲಿಗೆ ಕೊಟ್ಟರೆ ಒಡೆಯದೆ ಇನ್ನೇನು? ನೀಲಿ ಜ್ಯಾಕ್ ಲೈನ್ ಇನ್, ಅದಕ್ಕೆ ಹಾಕಿ. ವಿಂಡೋಸಿನ ರೆಕಾರ್ಡಿಂಗ್ ಪಟ್ಟಿಯಲ್ಲೂ ಲೈನ್ ಇನ್ನನ್ನೇ ಆರಿಸಿ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಚಂಡೆ ಜೋರು ಇರುವ ಜಾಗ ಹಾಕಿ, ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಡಿ. ಆಮೇಲೆ ಮುಟ್ಟಬೇಡಿ. ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಒಳ್ಳೆಯವುಗಳ ಮಧ್ಯೆ ಹಾಕಬೇಡಿ, ಹೆಡ್ಡಿಗೆ ಹತ್ತಿ ಉಳಿದವಕ್ಕೂ ಬರುತ್ತದೆ. ಅವನ್ನು ಕೊನೆಗೆ ಇಟ್ಟುಕೊಳ್ಳಿ, ಪ್ರತಿ ಸಲ ಹೆಡ್ಡು, ರಬ್ಬರ್ ರೋಲರ್ ಒರೆಸಿ.

ಕಾಳಿಸೇತುವೆ:
ಮುಂದಿನ ಜ್ಯಾಕಿನ ವೈರ್ ಇನ್ನೂ ಮದರ್‌ಬೋರ್ಡಿನಲ್ಲೇ ಇದೆ, ಆನ್‌ಬೋರ್ಡ್ ಆಫ್ ಮಾಡಿದ್ದೀರಿ, ಸತ್ತಿದೆ. ‘ಎಚ್‌ಡಿ ಆಡಿಯೋ’ ಅಂತ ಬರೆದ ಚಪ್ಪಟೆ ಕನೆಕ್ಟರ್, ಹತ್ತು ಪಿನ್ ಜಾಗದಲ್ಲಿ ಒಂದು ಇರುವುದಿಲ್ಲ. ಹೊಸ ಕಾರ್ಡಿನ ಅಂಚಿನಲ್ಲಿ ಅಂಥದ್ದೇ ಹೆಡರ್ (ಪಿನ್ನುಗಳ ಸಾಲು) ಇದ್ದರೆ ಅಲ್ಲಿಗೆ ಬದಲಿಸಿ. ಪ್ಲಗ್ ಕಿತ್ತಿಟ್ಟು ಮಾಡಿ.

ತೋಟದಮನೆ:
ನೀಲಿಗೆ ಹಾಕಿದೆ. ಏರುಪದ ಈಗ ಒಡೆಯುತ್ತಿಲ್ಲ. ಮದ್ದಳೆಯ ಬಲಗಡೆ, ಎಡಗಡೆ ಬೇರೆ ಬೇರೆ ಕೇಳುತ್ತದೆ, ಮೊದಲು ಎಲ್ಲ ಒಂದೇ ಕಡೆ ಇತ್ತು. ಮುಂದಿನ ಜ್ಯಾಕಿನ ವೈರ್ ಕಾರ್ಡಿನ ತನಕ ಎಟುಕುತ್ತಿಲ್ಲ. ಅದು ಹಾಗೇ ಇರಲಿ. ಕೆಲವು ಕ್ಯಾಸೆಟ್ಟಿನಲ್ಲಿ ಸ್ವರ ಕಂಬಳಿ ಹೊದ್ದ ಹಾಗೆ ಮಂದ ಕೇಳುತ್ತದೆ, ಅದಕ್ಕೇನಾದರೂ ಇದೆಯಾ?

ಹಳೇವಾಲ್ವು:
ಹೆಡ್ಡಿನ ಬದಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇದೆ. ಕ್ಯಾಸೆಟ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿ, ತಾಳದ ಸದ್ದು ಎಲ್ಲಿ ಚುರುಕಾಗುತ್ತದೋ ಅಲ್ಲಿ ಬಿಡಿ. ಮೊದಲು ಇದ್ದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಬೇರೆ ಡೆಕ್ಕಿನಲ್ಲಿ ತುಂಬಿದ ಕ್ಯಾಸೆಟ್ ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಬೇಕಾಗುತ್ತದೆ.

ಇಪ್ಪತ್ನಾಲ್ಕುಬಿಟ್:
ಇಷ್ಟು ಕಷ್ಟಪಟ್ಟು ಕೊನೆಗೆ 44.1ರಲ್ಲಿ ಇಡುತ್ತಾರಂತೆ.

ಹೊಸಬ98 (ಭಟ್ಕಳ):
ನನಗೂ ಸೇಮ್ ಪ್ರಾಬ್ಲಮ್. ಏನು ಮಾಡಬೇಕು ಹೇಳಿ.

ಕಾಳಿಸೇತುವೆ:
ಯಾವ ಕಾರ್ಡ್?